ಇಸಿಜಿ ನಾರ್ಮಲ್, ಎಕೋ ನಾರ್ಮಲ್, ಆದರೂ ಮೆಟ್ರೊ ಹತ್ತಲು ಭಯ

ಪ್ರಶ್ನೆ: ನಾವು ದಾಸರಹಳ್ಳಿಯಲ್ಲಿದ್ದೇವೆ. ನಮ್ಮ ಮನೆಯವರಿಗೆ 38 ವರ್ಷ. ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಮಷಿನ್ ಆಪರೇಟರ್. ಐದು ತಿಂಗಳ ಹಿಂದೆ ಮೆಟ್ರೊದಲ್ಲಿ ಮೆಜೆಸ್ಟಿಕ್ ಕಡೆ ಹೋಗುವಾಗ ಇದ್ದಕ್ಕಿದ್ದಂತೆ ಎದೆ ಢವಢವ ಹೊಡೆದುಕೊಂಡು, ಮೈಯೆಲ್ಲ ಬೆವೆತು, ಉಸಿರು ಕಟ್ಟಿದಂತಾಯಿತು. ಹಾರ್ಟ್ ಅಟ್ಯಾಕ್ ಅಂದುಕೊಂಡು ಆಸ್ಪತ್ರೆಗೆ ಓಡಿದೆವು. ಇಸಿಜಿ, ಎಕೋ, ಟಿಎಂಟಿ ಎಲ್ಲ ನಾರ್ಮಲ್. "ಗ್ಯಾಸ್ಟ್ರಿಕ್ ಇರಬಹುದು, ಟೆನ್ಷನ್ ಮಾಡ್ಕೋಬೇಡಿ" ಅಂತ ಕಳಿಸಿದರು. ಆಮೇಲೂ ಎಷ್ಟೋ ಸಲ ಹಾಗೇ ಆಗಿದೆ. ಈಗ ಮೆಟ್ರೊ ಹತ್ತುವುದೇ ಇಲ್ಲ. ಬಸ್ಸು ರಶ್ ಇದ್ದರೆ ಅರ್ಧ ದಾರಿಯಲ್ಲೇ ಇಳಿದುಬಿಡುತ್ತಾರೆ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಸಣ್ಣದಕ್ಕೂ ಮಗಳ ಮೇಲೆ ರೇಗುತ್ತಾರೆ. ನಿದ್ದೆ ಬರಲಿ ಅಂತ ದಿನಾ ಒಂದು ಕ್ವಾರ್ಟರ್ ಶುರುವಾಗಿದೆ. ಸ್ನೇಹಿತರು ಕೊಟ್ಟ ಯಾವುದೋ ಚಿಕ್ಕ ಮಾತ್ರೆ ಯಾವಾಗಲೂ ಜೇಬಿನಲ್ಲಿರುತ್ತದೆ. ಮೊನ್ನೆ, "ನಾನಿಲ್ಲದಿದ್ರೆ ನೀವೆಲ್ಲ ಆರಾಮಾಗಿ ಇರ್ತೀರ" ಅಂದರು. ನಿಮ್ಹಾನ್ಸ್ ಅಂದರೆ ಸಾಕು, "ನನಗೇನು ಹುಚ್ಚಾ?" ಅಂತಾರೆ. ಅತ್ತೆ, ಯಾರೋ ಮಾಡಿಸಿದ್ದಾರೆ ಅಂತ ದೇವಸ್ಥಾನ ಸುತ್ತಿಸುತ್ತಿದ್ದಾರೆ. ಇದು ಮನಸ್ಸಿನ ಕಾಯಿಲೆಯಾ? ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ನುಂಗಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಅವರು ಮೊನ್ನೆ ಆಡಿದ ಮಾತು. ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ. "ಬೇಜಾರಲ್ಲಿ ಏನೋ ಅಂದಿರಬೇಕು" ಅಂತ ಅದನ್ನು ಬಿಟ್ಟುಬಿಡಬೇಡಿ. ಇವತ್ತೇ, ಅವರು ಕುಡಿಯುವ ಮೊದಲು, ಮಗಳು ಪಕ್ಕದಲ್ಲಿ ಇಲ್ಲದಾಗ ನೇರವಾಗಿ ಕೇಳಿ: "ರೀ, ಸಾಯಬೇಕು ಅನ್ನೋ ಯೋಚನೆ ಏನಾದ್ರೂ ಬರ್ತಿದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಅನ್ನುವ ಭಯ ಮನೆಯವರಿಗೆಲ್ಲ ಇರುತ್ತದೆ. ಹಾಗಾಗುವುದಿಲ್ಲ. ಒಬ್ಬರಾದರೂ ಕೇಳಿದರಲ್ಲ ಅಂತ ಹೆಚ್ಚಿನವರಿಗೆ ಎದೆ ಹಗುರವಾಗುತ್ತದೆ.

"ಹೌದು" ಅಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ. ಪೂರ್ತಿ ಕೇಳಿಸಿಕೊಳ್ಳಿ. ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಎಮರ್ಜೆನ್ಸಿ ವಿಭಾಗ ರಾತ್ರಿಯೂ ತೆರೆದಿರುತ್ತದೆ. ಮನೆಯಿಂದ ಹೊರಡುವ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ಇದು ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಈಗ ಕಾಯಿಲೆಯ ವಿಷಯಕ್ಕೆ ಬರೋಣ. ಎದುರಿಗೆ ಕೂರಿಸಿಕೊಂಡು ನೋಡದೆ ಇದೇ ಅಂತ ಹೇಳುವುದು ಸರಿಯಲ್ಲ. ಆದರೆ ನೀವು ಬರೆದಿರುವುದು ಪ್ಯಾನಿಕ್ ಡಿಸಾರ್ಡರ್, ಅಂದರೆ ಇದ್ದಕ್ಕಿದ್ದಂತೆ ತೀವ್ರ ಗಾಬರಿ ಮತ್ತೆ ಮತ್ತೆ ಬರುವ ಕಾಯಿಲೆ, ಅದರ ಜೊತೆಗೆ ಡಿಪ್ರೆಶನ್, ಅಂದರೆ ಖಿನ್ನತೆ, ಸೇರಿಕೊಂಡ ಹಾಗಿದೆ. ಇವೆರಡೂ ಜೊತೆಜೊತೆಗೇ ಬರುವುದು ತುಂಬ ಸಾಮಾನ್ಯ. ಮೇಲಿಂದ ಕುಡಿತ ಕೂಡಿಕೊಂಡಿದೆ. ಮೂರಕ್ಕೂ ಚಿಕಿತ್ಸೆ ಇದೆ.

ಮೊದಲ ಸಲ ಎದೆ ಹೊಡೆದುಕೊಂಡಾಗ ಹೃದಯದ ಪರೀಕ್ಷೆ ಮಾಡಿಸಿದ್ದು ಸರಿಯಾಯಿತು. ಅದನ್ನು ಯಾರೂ ಬಿಡಬಾರದು. ರಿಪೋರ್ಟ್ ನಾರ್ಮಲ್ ಬಂದಾಗ "ಏನೂ ಇಲ್ಲ" ಅಂತ ಹೇಳಿ ಕಳಿಸುತ್ತಾರಲ್ಲ, ತೊಂದರೆ ಅಲ್ಲಿಂದ ಶುರುವಾಗುತ್ತದೆ. ಅವರಿಗೆ ಆದದ್ದು ನಾಟಕವಲ್ಲ, ಬರೀ ಅನಿಸಿಕೆಯೂ ಅಲ್ಲ. ಕತ್ತಲಲ್ಲಿ ಹಗ್ಗ ತುಳಿದು ಹಾವು ಅಂದುಕೊಂಡರೆ ಎದೆ ಹೊಡೆದುಕೊಳ್ಳುವುದು ನಿಜವೇ ಅಲ್ವಾ? ಹಾವು ಸುಳ್ಳು, ಎದೆಬಡಿತ ಸುಳ್ಳಲ್ಲ. ಪ್ಯಾನಿಕ್ ಅಟ್ಯಾಕ್‌ನಲ್ಲಿ ಮೆದುಳಿನ ಭಯದ ಭಾಗ ಕಾರಣವೇ ಇಲ್ಲದೆ ಅಪಾಯದ ಸೂಚನೆ ಕೊಟ್ಟುಬಿಡುತ್ತದೆ. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಎದೆಬಡಿತ ಏರುತ್ತದೆ, ಬೆವರು ಬರುತ್ತದೆ, ಹೊಟ್ಟೆ ತಿರುಚುತ್ತದೆ. ಗಾಬರಿಗೆ ಉಸಿರಾಟ ಜೋರಾಗುತ್ತದೆ. ಹಾಗೆ ಜೋರಾಗಿ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ಬೆರಳು ಜುಮ್ಮೆನ್ನುತ್ತವೆ, ಬಾಯಿಯ ಸುತ್ತ ಮರಗಟ್ಟಿದಂತಾಗುತ್ತದೆ, ತಲೆ ಸುತ್ತುತ್ತದೆ. ಇದನ್ನೆಲ್ಲ ನೋಡಿ ಮನುಷ್ಯ "ಸತ್ತೇ ಹೋಗ್ತೀನಿ" ಅಂದುಕೊಳ್ಳುತ್ತಾನೆ. ಆ ಯೋಚನೆಯಿಂದ ಗಾಬರಿ ಇನ್ನೂ ಏರುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದು ತುದಿ ಮುಟ್ಟುತ್ತದೆ, ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಎಷ್ಟೋ ಜನ ಆಸ್ಪತ್ರೆ ಬಾಗಿಲು ತಲುಪುವ ಹೊತ್ತಿಗೆ ಸರಿಹೋಗಿರುವುದು ಇದಕ್ಕೇ.

ನಿಮ್ಮ ಮನೆಯವರಿಗೆ ಒಂದು ಮಾತು ನೆನಪಿಸಿ. ಟಿಎಂಟಿಯಲ್ಲಿ, ಅಂದರೆ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ, ಅವರನ್ನು ಬೇಕಂತಲೇ ಏದುಸಿರು ಬರುವಷ್ಟು ಓಡಿಸಿರುತ್ತಾರೆ. ಆಗ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತ್ತು? ಅಷ್ಟಾದರೂ ಹೃದಯ ಸರಿಯಾಗೇ ಕೆಲಸ ಮಾಡಿತು. ಇದು ಅವರದೇ ಫೈಲಿನಲ್ಲಿರುವ ಸಾಕ್ಷಿ. ಹಾಗಂತ ಮುಂದೆ ಬರುವ ಎದೆನೋವನ್ನೆಲ್ಲ ಪ್ಯಾನಿಕ್ ಅಂತ ತಳ್ಳಿಹಾಕುವಂತಿಲ್ಲ. ಮೆಟ್ಟಿಲು ಹತ್ತಿದಾಗ ಬಂದು ಕೂತಾಗ ಕಡಿಮೆಯಾಗುವ ನೋವು, ಎಡಗೈಗೋ ದವಡೆಗೋ ಹರಿಯುವ ನೋವು, ಎದೆ ಹಿಂಡಿದಂಥ ನೋವು ಬಂದರೆ ತಡ ಮಾಡದೆ ಮತ್ತೆ ಇಸಿಜಿ ಮಾಡಿಸಿ.

ಒಂದು ಸಲ ಪ್ಯಾನಿಕ್ ಅಟ್ಯಾಕ್ ಆದರೆ ಅದು ಕಾಯಿಲೆಯಲ್ಲ. ಬೇಕಾದಷ್ಟು ಜನರಿಗೆ ಜೀವನದಲ್ಲಿ ಒಂದೋ ಎರಡೋ ಸಲ ಆಗಿ ಮರೆತುಹೋಗುತ್ತದೆ. ಮತ್ತೆ ಮತ್ತೆ ಬಂದು, "ಮುಂದಿನದು ಯಾವಾಗ" ಅನ್ನುವ ಆತಂಕ ಒಂದು ತಿಂಗಳಿಗಿಂತ ಜಾಸ್ತಿ ಉಳಿದು, ಆ ಭಯಕ್ಕೆ ದಿನಚರಿಯೇ ಬದಲಾದರೆ ಅದು ಡಿಸಾರ್ಡರ್. ನಿಮ್ಮ ಮನೆಯಲ್ಲಿ ಆಗಿರುವುದು ಇದೇ. ಮೊದಲು ಮೆಟ್ರೊ ಹೋಯಿತು. ಆಮೇಲೆ ರಶ್ ಇರುವ ಬಸ್ಸು. ಹೀಗೇ ಬಿಟ್ಟರೆ ಸಿನಿಮಾ ಟಾಕೀಸು, ಮದುವೆ ಮನೆ, ಲಿಫ್ಟು, ಕೊನೆಗೆ ಒಬ್ಬರೇ ಬೀದಿ ದಾಟುವುದೂ ಹೋಗಬಹುದು. ಪ್ರತಿ ಸಲ ತಪ್ಪಿಸಿಕೊಂಡಾಗಲೂ ಕ್ಷಣಕ್ಕೆ ಹಾಯೆನಿಸುತ್ತದೆ. ಆ ಹಾಯೆನಿಸುವುದೇ ಭಯಕ್ಕೆ ಗೊಬ್ಬರ.

ಖಿನ್ನತೆಯ ಬಗ್ಗೆ ಯಾಕೆ ಹೇಳಿದೆ ಅಂದರೆ, ಗಂಡಸರಲ್ಲಿ ಅದು ಅಳುವಿನ ರೂಪದಲ್ಲೇ ಬರಬೇಕೆಂದಿಲ್ಲ. ರೇಗಾಟ, ಮಾತು ಬಿಡುವುದು, ಕುಡಿತ, ಬೆನ್ನುನೋವು, ತಲೆಭಾರ, ಸುಸ್ತು ಆಗಿಯೂ ಬರುತ್ತದೆ. ಬೆಳಗಿನ ಜಾವ ಮಾಮೂಲಿಗಿಂತ ಎರಡು ಗಂಟೆ ಮೊದಲೇ ಎಚ್ಚರವಾಗಿ, ಆ ಹೊತ್ತಿನಲ್ಲೇ ಮನಸ್ಸು ತೀರಾ ಕುಸಿದಿರುವುದು ಅದರ ಒಂದು ಗಟ್ಟಿ ಲಕ್ಷಣ. ಮೊದಲು ಇಷ್ಟವಾಗುತ್ತಿದ್ದದ್ದು ಈಗಲೂ ಇಷ್ಟವಾಗುತ್ತದೆಯೇ ಗಮನಿಸಿ. ಕ್ರಿಕೆಟ್ ನೋಡುತ್ತಾರಾ? ಊರಿಗೆ ಹೋಗುವ ಆಸೆ ಇದೆಯಾ? ಊಟ ರುಚಿಸುತ್ತಾ? ತೂಕ ಇಳಿದಿದೆಯಾ? ಫ್ಯಾಕ್ಟರಿ ಕೆಲಸದಲ್ಲಿ ಗಮನ ನಿಲ್ಲುತ್ತಾ? ಮಷಿನ್ ಮುಂದೆ ನಿಲ್ಲುವವರು, ಅದಕ್ಕೇ ಇದನ್ನು ಒತ್ತಿ ಕೇಳುತ್ತಿದ್ದೇನೆ. "ನನ್ನಿಂದ ಯಾರಿಗೂ ಉಪಯೋಗವಿಲ್ಲ" ಅನ್ನುವ ಭಾವ ಇದೆಯಾ? ಇಂಥ ಹಲವು ಲಕ್ಷಣಗಳು ಎರಡು ವಾರ, ದಿನದ ಹೆಚ್ಚಿನ ಹೊತ್ತು ಇದ್ದರೆ ವೈದ್ಯರು ಖಿನ್ನತೆ ಅನ್ನುತ್ತಾರೆ. ಕಷ್ಟ ಬಂದಾಗ ಬೇಸರವಾಗುವುದು ಸಹಜ, ಅದು ಬರುತ್ತದೆ, ಹೋಗುತ್ತದೆ. ಖಿನ್ನತೆಯಲ್ಲಿ ಸಂಬಳ ಜಾಸ್ತಿಯಾದರೂ ಮಗಳು ಫಸ್ಟ್ ಬಂದರೂ ಮನಸ್ಸು ಅರಳುವುದಿಲ್ಲ.

ಕುಡಿತ ಮತ್ತು ಜೇಬಿನ ಮಾತ್ರೆ. ಕುಡಿದರೆ ನಿದ್ದೆ ಬೇಗ ಬರುತ್ತದೆ, ನಿಜ. ಆದರೆ ಅಮಲು ಇಳಿಯುವ ಹೊತ್ತಿಗೆ, ಸರಿಯಾಗಿ ಆ ರಾತ್ರಿ ಎರಡು ಮೂರು ಗಂಟೆಗೆ, ಎಚ್ಚರವಾಗುತ್ತದೆ. ಮಾರನೆಯ ದಿನ ಕೈ ನಡುಕ, ಎದೆಬಡಿತ, ಆತಂಕ ಹೆಚ್ಚುತ್ತದೆ. ಅದನ್ನು ತಡೆಯಲು ಮತ್ತೆ ಸಂಜೆ ಕುಡಿತ. ಆ ಚಿಕ್ಕ ಮಾತ್ರೆಯ ಸ್ಟ್ರಿಪ್ ನೋಡಿ. ಆಲ್ಪ್ರಝೋಲಮ್ ಅಥವಾ ಕ್ಲೋನಝೆಪಾಮ್ ಅಂತ ಇರಬಹುದು. ಇವು ಅರ್ಧ ಗಂಟೆ, ಒಂದು ಗಂಟೆಯಲ್ಲಿ ಗಾಬರಿ ಇಳಿಸುತ್ತವೆ, ಆದ್ದರಿಂದಲೇ ಕೈ ಮತ್ತೆ ಅದರ ಕಡೆಗೇ ಹೋಗುತ್ತದೆ. ವೈದ್ಯರು ಕೊಟ್ಟರೂ ಕೆಲವೇ ವಾರಗಳಿಗೆ ಕೊಡುತ್ತಾರೆ, ಯಾಕೆಂದರೆ ಅಭ್ಯಾಸವಾಗಿಬಿಡುತ್ತದೆ. ಮದ್ಯದ ಜೊತೆ ಸೇರಿದರೆ ಉಸಿರಾಟವೇ ನಿಧಾನವಾಗಿ ಪ್ರಾಣಕ್ಕೆ ಅಪಾಯ. ಇವೆರಡೂ ಒಂದೇ ರಾತ್ರಿ ಹೊಟ್ಟೆಗೆ ಹೋಗದಂತೆ ಇವತ್ತಿನಿಂದಲೇ ನೋಡಿಕೊಳ್ಳಿ. ಆದರೆ ದಿನಾ ಕುಡಿಯುವವರು, ದಿನಾ ಈ ಮಾತ್ರೆ ನುಂಗುವವರು ಒಂದೇ ಸಲಕ್ಕೆ ನಿಲ್ಲಿಸುವುದೂ ಕೆಲವೊಮ್ಮೆ ಅಪಾಯ, ಫಿಟ್ಸ್ ಬರಬಹುದು. ಎಷ್ಟು ಕುಡಿಯುತ್ತಾರೆ, ಎಷ್ಟು ನುಂಗುತ್ತಾರೆ ಅಂತ ವೈದ್ಯರಿಗೆ ಮುಚ್ಚಿಡದೆ ಹೇಳಿ. ನಿಲ್ಲಿಸುವ ದಾರಿ ಅವರು ಹೇಳುತ್ತಾರೆ.

ಚಿಕಿತ್ಸೆ ಹೇಗಿರುತ್ತದೆ? ಮೊದಲು ರಕ್ತ ಪರೀಕ್ಷೆ. ಥೈರಾಯ್ಡ್ ಜಾಸ್ತಿಯಾದರೆ ಥೇಟ್ ಹೀಗೇ ಎದೆ ಹೊಡೆದುಕೊಳ್ಳುತ್ತದೆ, ಕಡಿಮೆಯಾದರೆ ಖಿನ್ನತೆಯ ಹಾಗೇ ಇರುತ್ತದೆ. ಹಿಮೋಗ್ಲೋಬಿನ್, ಸಕ್ಕರೆ, ಬಿ12 ಕೂಡ ನೋಡುತ್ತಾರೆ. ಆಮೇಲೆ ಎಸ್‌ಎಸ್‌ಆರ್‌ಐ ಗುಂಪಿನ ಒಂದು ಮಾತ್ರೆ ಶುರುವಾಗಬಹುದು, ಎಸ್ಸಿಟಾಲೋಪ್ರಾಮ್ ಅಥವಾ ಸರ್ಟ್ರಲಿನ್ ತರಹದ್ದು. ಇದು ಪ್ಯಾನಿಕ್‌ಗೂ ಆಗುತ್ತದೆ, ಖಿನ್ನತೆಗೂ ಆಗುತ್ತದೆ. ಇದು ನಿದ್ದೆ ಮಾತ್ರೆಯಲ್ಲ. ಮೆದುಳಿನಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಕೆಲಸ ಮಾಡುವ ರೀತಿಯನ್ನು ನಿಧಾನವಾಗಿ ಬದಲಿಸುತ್ತದೆ.

ಈ "ನಿಧಾನ" ಅನ್ನುವುದನ್ನು ಯಾರೂ ಸರಿಯಾಗಿ ಬಿಡಿಸಿ ಹೇಳುವುದಿಲ್ಲ, ಅದಕ್ಕೇ ಎಷ್ಟೋ ಚಿಕಿತ್ಸೆಗಳು ಅರ್ಧಕ್ಕೆ ನಿಲ್ಲುತ್ತವೆ. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಗುಣ ಕಾಣಲು ಇನ್ನೂ ಜಾಸ್ತಿ. ಆದರೆ ಅಡ್ಡಪರಿಣಾಮ ಮೊದಲ ವಾರವೇ ಬರುತ್ತದೆ: ವಾಕರಿಕೆ, ತಲೆನೋವು, ಒಂದಿಷ್ಟು ಚಡಪಡಿಕೆ. ಪ್ಯಾನಿಕ್ ಇರುವವರಿಗೆ ಆ ಚಡಪಡಿಕೆಯೇ ಇನ್ನೊಂದು ಅಟ್ಯಾಕ್ ಅನ್ನಿಸಿಬಿಡುತ್ತದೆ. "ಮಾತ್ರೆಯಿಂದ ಜಾಸ್ತಿಯಾಯ್ತು" ಅಂತ ಐದನೇ ದಿನ ಬಿಸಾಡುತ್ತಾರೆ. ಅದಕ್ಕೇ ವೈದ್ಯರು ಕಡಿಮೆ ಡೋಸ್‌ನಿಂದ ಶುರು ಮಾಡುತ್ತಾರೆ. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಈ ತೊಂದರೆ ಕಳೆಯುತ್ತದೆ. ತಡೆಯಲಾಗದಷ್ಟು ಚಡಪಡಿಕೆ ಬಂದರೆ, ಸಾಯುವ ಯೋಚನೆ ಹೆಚ್ಚಿದರೆ ಮುಂದಿನ ತಾರೀಖಿಗೆ ಕಾಯದೆ ವೈದ್ಯರನ್ನು ಕಾಣಿ. ಗಂಡ ಹೆಂಡತಿ ಸೇರುವ ವಿಷಯದಲ್ಲಿ ಆಸಕ್ತಿ ಕಡಿಮೆಯಾಗುವುದೂ ಇದೆ. ಸಂಕೋಚಕ್ಕೆ ಹೇಳದೆ ಮಾತ್ರೆ ಬಿಡುವವರೂ ಇದ್ದಾರೆ. ಹೇಳಿದರೆ ಡೋಸ್ ಅಥವಾ ಮಾತ್ರೆ ಬದಲಿಸಬಹುದು.

ಜೀವನಪೂರ್ತಿ ನುಂಗಬೇಕಾ ಅಂದಿರಿ. ಮೊದಲ ಸಲ ಬಂದವರಲ್ಲಿ ಹೆಚ್ಚಿನವರಿಗೆ ಬೇಕಾಗುವುದಿಲ್ಲ. ಪೂರ್ತಿ ಗುಣವಾದ ಮೇಲೆ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಆಮೇಲೆ ಹಂತಹಂತವಾಗಿ ಇಳಿಸಿ ನಿಲ್ಲಿಸುತ್ತಾರೆ. ಚೆನ್ನಾಗಿದ್ದೇನೆ ಅಂತ ಎರಡನೇ ತಿಂಗಳಿಗೇ ಬಿಟ್ಟರೆ ಮರಳುವ ಸಾಧ್ಯತೆ ಜಾಸ್ತಿ. ಥಟ್ಟನೆ ಬಿಟ್ಟರೆ ತಲೆಸುತ್ತು, ಕಿರಿಕಿರಿ ಆಗುತ್ತದೆ. ಆದರೆ ಮದ್ಯದ ಹಾಗೆ ಇನ್ನೂ ಬೇಕು, ಇನ್ನೂ ಬೇಕು ಅನ್ನಿಸುವ ಚಟ ಇದರಲ್ಲಿಲ್ಲ. ಪದೇ ಪದೇ ಕಾಯಿಲೆ ಮರಳುವವರಿಗೆ ಮಾತ್ರ ಹೆಚ್ಚು ವರ್ಷ ಬೇಕಾಗುತ್ತದೆ.

ಮಾತ್ರೆಯಷ್ಟೇ ಮುಖ್ಯವಾದ ಇನ್ನೊಂದು ಚಿಕಿತ್ಸೆ ಇದೆ, ಸಿಬಿಟಿ ಅನ್ನುತ್ತಾರೆ, ಯೋಚನೆ ಮತ್ತು ನಡವಳಿಕೆಯನ್ನು ಬದಲಿಸಿಕೊಳ್ಳುವ ಚಿಕಿತ್ಸೆ. ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ವಾರಕ್ಕೊಂದು ಸಲದಂತೆ ಕೆಲವು ತಿಂಗಳು. "ಧೈರ್ಯವಾಗಿರಿ" ಅನ್ನುವ ಉಪದೇಶ ಅಲ್ಲಿರುವುದಿಲ್ಲ, ತಾಲೀಮು ಇರುತ್ತದೆ. ಮೆಟ್ಟಿಲು ಹತ್ತಿಳಿಸಿ ಬೇಕಂತಲೇ ಎದೆ ಹೊಡೆದುಕೊಳ್ಳುವಂತೆ ಮಾಡಿ, ಅದು ತಾನಾಗಿಯೇ ಇಳಿಯುವವರೆಗೆ ಜೊತೆಗಿರುತ್ತಾರೆ. ಆಮೇಲೆ ಮೆಟ್ರೊ. ಮೊದಲ ಕೆಲವು ದಿನ ದಾಸರಹಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಸುಮ್ನೆ ನಿಲ್ಲುವುದು, ಎರಡು ಮೂರು ರೈಲು ಹೋಗಲು ಬಿಡುವುದು. ಆಮೇಲೆ ನಿಮ್ಮ ಜೊತೆ ಜಾಲಹಳ್ಳಿಯವರೆಗೆ ಒಂದೇ ಸ್ಟಾಪು. ಅದು ಸಲೀಸಾದ ಮೇಲೆ ಯಶವಂತಪುರ. ಆಮೇಲೆ ಒಬ್ಬರೇ ಯಶವಂತಪುರ. ಸಂಪಿಗೆ ರಸ್ತೆ ದಾಟಿದ ಮೇಲೆ ರೈಲು ನೆಲದ ಕೆಳಗಿಳಿಯುತ್ತದಲ್ಲ, ಆ ಭಾಗವನ್ನು ಕೊನೆಗಿಟ್ಟುಕೊಳ್ಳಬೇಕು. ಮುಖ್ಯವಾದದ್ದೇನೆಂದರೆ ಗಾಬರಿ ತುದಿಯಲ್ಲಿರುವಾಗ ಇಳಿದು ಓಡಬಾರದು. ಅದು ಇಳಿಯುವವರೆಗೆ ಅಲ್ಲೇ ಇರಬೇಕು. ಇಳಿಯುತ್ತದೆ ಅನ್ನುವುದನ್ನು ಮೈ ತಾನೇ ಕಲಿಯಬೇಕು. ಜೇಬಿನ ಮಾತ್ರೆ ಮುಟ್ಟಿ ನೋಡಿಕೊಂಡು ಪ್ರಯಾಣ ಮಾಡಿದರೆ ಈ ಕಲಿಕೆ ಆಗುವುದಿಲ್ಲ.

ಮನೆಯಲ್ಲಿ ಅಟ್ಯಾಕ್ ಬಂದಾಗ ಏನು ಮಾಡಬೇಕು? ಗಾಳಿ ಹಾಕುವುದು, ನೀರು ಎರಚುವುದು, ಅಕ್ಕಪಕ್ಕದವರನ್ನು ಕರೆಯುವುದು ಬೇಡ. ಬಾಯಿಗೆ ಪ್ಲಾಸ್ಟಿಕ್ ಕವರ್ ಹಿಡಿಯುವುದಂತೂ ಬೇಡವೇ ಬೇಡ. ಪಕ್ಕದಲ್ಲಿ ಕೂತು, "ಇದು ಪ್ಯಾನಿಕ್, ಇಳಿಯುತ್ತೆ" ಅಂತ ಮೆಲ್ಲಗೆ ಹೇಳಿ. ಮೂಗಿನಿಂದ ಉಸಿರು ಎಳೆದು, ಎಳೆದದ್ದಕ್ಕಿಂತ ನಿಧಾನವಾಗಿ ಬಿಡಲು ಹೇಳಿ. ನೀವೂ ಜೊತೆಗೆ ಹಾಗೇ ಉಸಿರಾಡಿ. ಶಿಫ್ಟ್‌ನಲ್ಲಿ ಎಷ್ಟು ಸಲ ಕಾಫಿ ಟೀ ಕುಡಿಯುತ್ತಾರೆ ಕೇಳಿ. ಕಾಫಿ, ಸಿಗರೇಟು ಎರಡೂ ಎದೆಬಡಿತ ಏರಿಸುತ್ತವೆ.

"ನನಗೇನು ಹುಚ್ಚಾ?" ಅನ್ನುವ ಪ್ರಶ್ನೆಗೆ ಉತ್ತರ, ಇಲ್ಲ. 2015-16ರಲ್ಲಿ ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ದೊಡ್ಡವರಲ್ಲಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೂ ಒಂದು ಮಾನಸಿಕ ತೊಂದರೆ ಇತ್ತು. ಅಂದರೆ ಅವರ ಶಿಫ್ಟ್‌ನಲ್ಲೇ ಇನ್ನೂ ಕೆಲವರು ಇಂಥ ತೊಂದರೆಯನ್ನು ಹೊರಗೆ ಹೇಳದೆ ಕೆಲಸ ಮಾಡುತ್ತಿರಬಹುದು. ಜನ ಹುಚ್ಚು ಅನ್ನುವುದು ಸಾಮಾನ್ಯವಾಗಿ ಬೇರೆ ಕಾಯಿಲೆಗಳಿಗೆ. ಯಾರೂ ಇಲ್ಲದಾಗ ದನಿ ಕೇಳಿಸುವುದು, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಅಂತ ಅಲುಗಾಡದ ನಂಬಿಕೆ, ಇವು ಸೈಕೋಸಿಸ್ ಲಕ್ಷಣ. "ಯಾರೋ ಮಾಡಿಸಿದ್ದಾರೆ" ಅಂತ ಅತ್ತೆ ಹೇಳುವುದು ಅವರು ಬೆಳೆದು ಬಂದ ನಂಬಿಕೆ, ಅದು ಕಾಯಿಲೆಯಲ್ಲ. ಇನ್ನೊಂದು, ಬೈಪೋಲಾರ್, ಅಂದರೆ ಮನಸ್ಸು ಕೆಲವು ಕಾಲ ಅತಿಯಾದ ಉದ್ರೇಕಕ್ಕೆ, ಕೆಲವು ಕಾಲ ಖಿನ್ನತೆಗೆ ಹೋಗುವ ಕಾಯಿಲೆ. ಹಿಂದೆ ಯಾವಾಗಲಾದರೂ ಹಲವು ದಿನ ನಿದ್ದೆಯೇ ಇಲ್ಲದೆ, ಆದರೂ ದಣಿಯದೆ, ವಿಪರೀತ ಮಾತು, ಕೈಮೀರಿ ಖರ್ಚು, ದೊಡ್ಡ ದೊಡ್ಡ ಯೋಜನೆ ಅಂತ ಇದ್ದರಾ? ಇದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಅಂಥವರಿಗೆ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಮನಸ್ಸು ಅತಿಯಾದ ಉದ್ರೇಕಕ್ಕೆ ಹೋಗಬಹುದು. ಅವರಿಗೆ ಲಿಥಿಯಂನಂಥ ಬೇರೆ ಔಷಧಿ ಬೇಕು. ಈ ಕಾಯಿಲೆಗಳಿಗೂ ಚಿಕಿತ್ಸೆ ಇದೆ, ಚಿಕಿತ್ಸೆ ಪಡೆದು ಕೆಲಸಕ್ಕೆ ಹೋಗುವವರು ಬೇಕಾದಷ್ಟು ಜನ ಇದ್ದಾರೆ.

ಎಲ್ಲಿ ತೋರಿಸಬೇಕು? ನಿಮ್ಹಾನ್ಸ್ ಹೆಸರಿಗೇ ಬೆಚ್ಚುವುದಾದರೆ ಅಲ್ಲಿಂದಲೇ ಶುರು ಮಾಡಬೇಕೆಂದಿಲ್ಲ. ಫ್ಯಾಕ್ಟರಿ ಕೆಲಸದವರಾದ್ದರಿಂದ ಇಎಸ್‌ಐ ಕಾರ್ಡ್ ಇರಬಹುದು. ಇದ್ದರೆ ನಿಮ್ಮ ಡಿಸ್ಪೆನ್ಸರಿಯಿಂದ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಚೀಟಿ ಬರೆಸಿಕೊಳ್ಳಿ. ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಲ್ಲೂ ಈ ವಿಭಾಗ ಇದೆ. ಕಂಪನಿಗೆ ಗೊತ್ತಾಗುತ್ತದೆ ಅನ್ನುವ ಅಳುಕಿದ್ದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರ ಗುಟ್ಟಾಗಿಡುವುದು ರೋಗಿಯ ಹಕ್ಕು ಅಂತ ಹೇಳಿ.

ಅತ್ತೆಯ ಜೊತೆ ಜಗಳ ಬೇಡ. ಪೂಜೆಯಿಂದ ಅವರಿಗೂ ಮಗನಿಗೂ ಸಮಾಧಾನ ಸಿಗುವುದಾದರೆ ಸಿಗಲಿ. ಬೆಳಿಗ್ಗೆ ದೇವಸ್ಥಾನ, ಮಧ್ಯಾಹ್ನ ಆಸ್ಪತ್ರೆ, ಎರಡೂ ನಡೆಯಲಿ ಅನ್ನಿ. ಹೊಡೆಯುವುದು, ಉಪವಾಸ ಕೆಡವುವುದು, ಮಾತ್ರೆ ಬಿಡಿಸುವುದು, ಸಾವಿರಗಟ್ಟಲೆ ದುಡ್ಡು ಕೀಳುವುದು ಶುರುವಾದರೆ ಮಾತ್ರ ಗಟ್ಟಿಯಾಗಿ ನಿಲ್ಲಿ.

ಅವರಿಗೆ "ಮನಸ್ಸಿನ ಡಾಕ್ಟರ್" ಅಂತ ಶುರು ಮಾಡದೆ, "ನಿದ್ದೆಗೆ, ಎದೆಬಡಿತಕ್ಕೆ ತೋರಿಸೋಣ" ಅನ್ನಿ. ಅದು ಸುಳ್ಳೂ ಅಲ್ಲ. ಒಪ್ಪದಿದ್ದರೆ ನೀವೊಬ್ಬರೇ 14416ಕ್ಕೆ ಫೋನ್ ಮಾಡಿ ಕೇಳಬಹುದು. ಹೋಗುವಾಗ ಹಳೆಯ ರಿಪೋರ್ಟುಗಳು, ಆ ಚಿಕ್ಕ ಮಾತ್ರೆಯ ಸ್ಟ್ರಿಪ್, ಅಟ್ಯಾಕ್ ಬಂದ ದಿನಗಳನ್ನು ಗುರುತು ಹಾಕಿದ ಕ್ಯಾಲೆಂಡರ್ ಹಾಳೆ ಒಯ್ಯಿರಿ. ಮೊದಲು ಅವರೇ ಮಾತಾಡಲಿ. ಕುಡಿತದ ಸಂಗತಿ ಮತ್ತು ಮೊನ್ನೆ ಆಡಿದ ಮಾತನ್ನು ಅವರು ಬಿಟ್ಟರೆ, ವೈದ್ಯರ ಹತ್ತಿರ ಬೇರೆಯಾಗಿ ಐದು ನಿಮಿಷ ಕೇಳಿ, ಆ ಎರಡನ್ನು ನೀವೇ ಹೇಳಿ.